ಹಲಗೆ ಕಾಯಿಸುವ ಜಾಗ

ನಾನು ಬರೆದ ನಕ್ಷೆಯಲ್ಲಿ ತಪ್ಪು ಹುಡುಕುವುದು ಸುಲಭವಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕಸುಬು. ಒಂದು ಗೆರೆ ಅರ್ಧ ಇಂಚು ಆಚೀಚೆ ಆದರೆ ನನಗೆ ಊಟ ಸೇರುವುದಿಲ್ಲ. ಅಂಥ ನನ್ನ ನಕ್ಷೆಯೊಂದರ ಸಣ್ಣ ಮೂಲೆಯಲ್ಲಿ ಒಂದು ದೊಡ್ಡ ತಪ್ಪು ಕೂತಿತ್ತು. ಎಂಜಿನಿಯರುಗಳು ನೋಡಿದರು, ಇಡೀ ಸಮಿತಿ ನೋಡಿತು, ನಾನು ನೂರು ಸಲ ನೋಡಿದೆ. ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಅದನ್ನು ಹಿಡಿದವಳು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮವ್ವ.

ಅವ್ವನಿಗಿಂತ ಮೊದಲೇ ಅಪ್ಪ ಹಿಡಿದಿದ್ದ ಅಂತ ಈಗ ನನಗೆ ಅನ್ನಿಸುತ್ತದೆ. ಆಗ ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಹಿಂಬದಿಗೆ, ನಮ್ಮ ಕೇರಿ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಹಳೆಯ ಗೋದಾಮೊಂದು ಬಿದ್ದುಹೋಗಿ ಖಾಲಿ ಉಳಿದ ಜಾಗವಿತ್ತು. ಮುಂದಿನ ಓಣಿಯವರು ಕಸ ಎಸೆಯಲು, ಹಿಂದಿನ ಕೇರಿಯವರು ಎಮ್ಮೆ ಕಟ್ಟಲು ಅದನ್ನು ಬಳಸುತ್ತಿದ್ದರು. ಅಲ್ಲಿ ಎರಡೂ ಕಡೆಯವರಿಗೆ ಸೇರಿದಂತೆ ಒಂದು ಸಾಂಸ್ಕೃತಿಕ ಭವನ ಆಗಲಿ ಎಂದು ಸಮಿತಿಯೊಂದು ಹುಟ್ಟಿತು. ಅದರ ಅಧ್ಯಕ್ಷರು ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಕಲಿಸಿದ ಮೇಷ್ಟ್ರು. "ಬ್ಯಾರೆ ಊರಿಂದ ಯಾರನ್ನ್ಯಾಕ ಕರಸೋದು? ನಮ್ಮ ಹುಡುಗಿ ಅದಾಳಲ್ಲ" ಅಂದು ಕೆಲಸವನ್ನು ನನಗೇ ವಹಿಸಿದರು. ನನಗೆ ಬಹಳ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಆ ಜಾಗದಲ್ಲಿ ಎಮ್ಮೆಯ ಸಗಣಿ ಬಾಚಿದ ಕೈ ನನ್ನದು.

ಶಾಮಿಯಾನ ಹಾಕಿಸಿ ನಾಲ್ಕು ಸಭೆ ಮಾಡಿದೆವು. ಭವನದಲ್ಲಿ ಏನೇನು ಇರಬೇಕು ಎಂದು ಕೇಳುವುದು ನನ್ನ ಕೆಲಸ. ಕೇಳಿ ತಲೆ ಚಿಟ್ಟು ಹಿಡಿಯಿತು. ಒಬ್ಬರಿಗೆ ಹಾರ್ಮೋನಿಯಂ ಇಡಲು ಕೋಣೆ ಬೇಕು. ಒಬ್ಬರಿಗೆ ಪೇಪರ್ ಓದುವ ಜಾಗದಲ್ಲಿ ಫ್ಯಾನು ನೇರ ತಲೆಯ ಮೇಲೆ ಬೇಕು, ಇನ್ನೊಬ್ಬರಿಗೆ ಅದೇ ಫ್ಯಾನು ತಲೆಯ ಮೇಲೆ ಬೇಡ. ತೆಲುಗು ನಾಟಕದ ಹುಚ್ಚಿದ್ದ ಒಬ್ಬ ಹಿರಿಯರು ರಂಗಮಂಚ ಎಷ್ಟು ಅಗಲ ಇರಬೇಕು ಅಂತ ತೋರಿಸಲು ಎರಡೂ ಕೈ ಚಾಚಿ ನಡೆದು ಚಹಾದ ಟ್ರೇ ಕೆಡವಿದರು. ಎಲ್ಲರ ಮಾತು ಮುಗಿದ ಮೇಲೆ ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. ಹಗಲು ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ರಜೆ ದಿನ ಹಲಗೆ ಮೇಳ. ಹತ್ತು ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಊರೂರಿಗೆ ಹೋಗಿ ಬಾರಿಸುತ್ತಾಳೆ.

"ಮೇಡಂ, ನಮ್ಮವು ಚರ್ಮದ ಹಲಿಗಿ. ಥಂಡಿಗೆ ಮೆತ್ತಗಾಗಿಬಿಡ್ತಾವ. ಬಾರಸಾಕಿಂತ ಮೊದಲು ಬೆಂಕಿಗೆ ಹಿಡೀಲಿಲ್ಲಂದ್ರ ನಾದನಾ ಬರಂಗಿಲ್ಲ. ನಮಗೊಂದು ಕಾಸ್ಕೊಳ್ಳಾಕ ಜಾಗ ಮಾಡಿಕೊಡ್ರಿ" ಅಂದಳು.

ಬೇರೆಯವರು ಕೇಳಿದ್ದಕ್ಕೆಲ್ಲ ವಾರಗಟ್ಟಲೆ ತಲೆ ಕೆಡಿಸಿಕೊಂಡವಳು ನಾನು. ಇದಕ್ಕೆ ಮಾತ್ರ ಒಂದು ಗಳಿಗೆಯೂ ಯೋಚಿಸಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಕೂತವಳೇ ಬರೆದುಬಿಟ್ಟೆ. ಭವನದ ಹಿಂದುಗಡೆ, ಗೋಡೆಯಿಂದ ಆಚೆ, ಹತ್ತು ಅಡಿ ಎಂಟು ಅಡಿಯ ಒಂದು ಕಟ್ಟೆ. ಮೇಲೆ ತಗಡು. ಕೇರಿಯ ಕಡೆಯಿಂದ ಬರಲು ಒಂದು ಸಣ್ಣ ಗೇಟು. ಒಳಗಿನ ರಂಗಮಂಚದ ಮಗ್ಗುಲಿಗೆ ಒಂದು ಕಿಟಕಿ, ಅದಕ್ಕೆ ಮೂರು ಸರಳು. ಹೊಗೆ ಒಳಗೆ ಬರಬಾರದು, ಬೆಂಕಿ ಪರದೆಗೆ ತಾಕಬಾರದು, ಬೂದಿ ಬಾಚಲು ಅನುಕೂಲ ಆಗಬೇಕು. ಕಾರಣಗಳು ಬೇಕಾದಷ್ಟಿದ್ದವು. ಅದರ ಮೇಲೆ ಅಚ್ಚುಕಟ್ಟಾಗಿ "ಹಲಗೆ ಕಾಯಿಸುವ ಜಾಗ" ಎಂದು ಬರೆದೆ.

ಬರೆದು ಮುಗಿಸುವಾಗ ನನ್ನ ಮೇಜಿನ ಕೆಳಗಿನಿಂದ ಯಾರೋ ಎರಡು ಸಲ ತಟ್ಟಿದ ಹಾಗಾಯಿತು. ಬಗ್ಗಿ ನೋಡಿದೆ. ಯಾರೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಜೋಳದ ದಂಟು ಸುಟ್ಟ ವಾಸನೆ ಬಂತು. ಪಕ್ಕದ ಮನೆಯವರು ಏನೋ ಸುಡುತ್ತಿರಬೇಕು ಅಂದುಕೊಂಡು ಎದ್ದುಹೋಗಿ ಕಿಟಕಿ ಹಾಕಿದೆ. ವಾಸನೆ ಹೋಗಲಿಲ್ಲ.

ಹಾಗೆ ಎರಡು ಸಲ ತಟ್ಟುವುದು ಅಪ್ಪನ ರೂಢಿ. ಅಪ್ಪ ಸಿರಿಗೇರಿಯವನು. ಮಾರುಕಟ್ಟೆಯಲ್ಲಿ ಚೀಲ ಹೊರುವ ಕೆಲಸಕ್ಕೆಂದು ಬಳ್ಳಾರಿಗೆ ಬಂದ, ಆದರೆ ಅವನನ್ನು ಜನ ಕೇಳಿಕೊಂಡು ಬರುತ್ತಿದ್ದದ್ದು ಹಲಗೆಗೆ. ಸಿರುಗುಪ್ಪದ ಕಡೆ ಮದುವೆಯಾಗಲಿ, ಸಾವಾಗಲಿ, ಕುರುಗೋಡಿನಲ್ಲಿ ಬಯಲಾಟವಾಗಲಿ, ಒಂದು ಸುದ್ದಿ ಬಂದರೆ ಸಾಕು, ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಬಸ್ ಹತ್ತುತ್ತಿದ್ದ. ಬಾರಿಸುವುದಕ್ಕೆ ಮೊದಲು ಬೆಂಕಿಗೆ ಹಿಡಿದು, ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ದಬ್ ಎಂದರೆ ಮತ್ತೆ ಬೆಂಕಿಗೆ. ಟಣ್ ಎಂದರೆ ಮುಖ ಅರಳುತ್ತಿತ್ತು. "ಕಾದೈತಿ" ಎನ್ನುತ್ತಿದ್ದ.

ನನಗೆ ಎಂಟು ವರ್ಷವಿದ್ದಾಗ ಒಂದು ಸಲ ಕುರುಗೋಡಿಗೆ ಕರೆದುಕೊಂಡು ಹೋಗಿದ್ದ. ಬಯಲಾಟಕ್ಕೆ ಇನ್ನೂ ತಿಂಗಳಿತ್ತು, ಅವತ್ತು ನಡೆಯುತ್ತಿದ್ದದ್ದು ಬರೀ ತಾಲೀಮು. ಗುಡ್ಡದ ಕೆಳಗೆ ಒಂದು ದೊಡ್ಡ ಮನೆ, ಅದರ ಪಡಸಾಲೆಯಲ್ಲಿ ಪಾತ್ರಧಾರಿಗಳು ಲುಂಗಿ ಉಟ್ಟುಕೊಂಡೇ ರಾಜ, ಮಂತ್ರಿ ಆಗಿದ್ದರು. ನಾವು ಹೊರಗೆ ಬೇವಿನ ಮರದ ಕೆಳಗೆ. ಗೋಡೆಯಲ್ಲಿ ಒಂದು ಕಿಟಕಿ. ಅಪ್ಪ ದಂಟಿಗೆ ಬೆಂಕಿ ಹಚ್ಚಿ ಹಲಗೆ ಹಿಡಿದ. ಒಳಗಿನಿಂದ ಒಂದು ದನಿ, "ಕಾದೈತೇನಲೇ?" ಅಂತ. "ಕಾದೈತ್ರೀ" ಅಂದ ಅಪ್ಪ. ಕಾದು ಎಷ್ಟೋ ಹೊತ್ತಾದ ಮೇಲೆ ಯುದ್ಧದ ಸನ್ನಿವೇಶ ಬಂತು, "ಹೂಂ, ಬಾರಸು" ಎಂಬ ಕೂಗು ಬಂತು, ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಬಾರಿಸಿದ. ಬಾರಿಸದಿದ್ದಾಗ ಅವನ ತುಟಿ ಆಡುತ್ತಿತ್ತು. ರಾಜನ ಮಾತು, ರಾಣಿಯ ಮಾತು, ಎಲ್ಲವೂ ಅವನಿಗೆ ಬಾಯಿಪಾಠ.

"ಯಪ್ಪಾ, ನಾವೂ ಒಳಗ ಹೋಗೂನು" ಅಂದೆ.

"ಒಳಗ ಶೆಕಿ ಐತವ್ವಾ. ಇಲ್ಲಿಂದ ಚೊಲೋ ಕೇಳ್ತೈತಿ."

ನಾನು ನಂಬಿದೆ. ಅಷ್ಟೇ ಅಲ್ಲ, ಒಳಗೆ ಬೆವರುತ್ತ ಕೂತವರನ್ನು ನೆನೆದು ಅಯ್ಯೋ ಪಾಪ ಅಂದುಕೊಂಡೆ. ಅವರ ಮನೆಯವರು ಕುಡಿಯಲು ನೀರು ಕೊಟ್ಟರು, ಮೇಲಿನಿಂದ ಬೊಗಸೆಗೆ ಸುರಿದರು. ಅದೂ ನನಗೆ ಆಗ ಆಟದ ಹಾಗೇ ಕಂಡಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕೇರಿಯ ಕೆಲವು ಮನೆಯವರು ಬೌದ್ಧ ಧಮ್ಮ ಸ್ವೀಕರಿಸಿದರು. ಅಪ್ಪ ಅವ್ವ ಇಬ್ಬರೂ ಸ್ವೀಕರಿಸಿದರು, ಆದರೆ ಅಪ್ಪ ಸುಮ್ಮನೆ ಹೋಗಿ ಬಂದ, ಅವ್ವ ಬೇರೆಯೇ ಹೆಂಗಸಾಗಿ ಬಂದಳು. ಸಂಜೆ ಕ್ಲಾಸಿಗೆ ಹೋಗಿ ಓದಲು ಕಲಿತಳು. ಬಸ್ಸಿನ ಬೋರ್ಡು, ಔಷಧಿ ಚೀಟಿ, ಕಡಲೆ ಕಟ್ಟಿಕೊಟ್ಟ ಪೇಪರು, ಕಂಡದ್ದೆಲ್ಲ ಗಟ್ಟಿಯಾಗಿ ಓದುವ ಚಟ ಅವಳಿಗೆ ಅಂಟಿದ್ದು ಆಗಲೇ. ಒಂದು ದಿನ ಅಪ್ಪನ ಕೈಯಿಂದ ಹಲಗೆ ತಗೊಂಡು ಮೊಳೆಗೆ ತೂಗುಹಾಕಿದಳು.

"ಇನ್ನ ಮ್ಯಾಲ ಈ ಮನ್ಯಾಗ ಯಾರೂ ಇದನ್ನ ಬಾರಸಂಗಿಲ್ಲ. ಇದು ಹೆಗಲ ಮ್ಯಾಲ ಇರೋತನಕ ನಮ್ಮನ್ನ ಯಾರೂ ಒಳಗ ಕರೆಯಂಗಿಲ್ಲ" ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೆ ಅವತ್ತು ಅವ್ವನ ಮೇಲೆ ಹೆಮ್ಮೆ ಬಂದಿತ್ತು. ಅಪ್ಪ ಎದುರು ಮಾತಾಡಲಿಲ್ಲ. ಆದರೆ ಅವನ ಬೆರಳು ಕೇಳಬೇಕಲ್ಲ! ಬಾಗಿಲು, ಟ್ರಂಕು, ನೀರಿನ ಡ್ರಮ್ಮು, ಉಂಡು ಮುಗಿಸಿದ ತಟ್ಟೆ, ಎಲ್ಲದರ ಮೇಲೂ ಎರಡು ಸಲ ತಟ್ಟಿ ಕಿವಿಗೊಡುವುದು ಮಾತ್ರ ನಿಲ್ಲಲಿಲ್ಲ. ಜಡ್ಡಿಗೆ ಬಿದ್ದು ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಮೊಳೆಯ ಕಡೆ ನೋಡಿ, "ಒಂದ್ಸಲ ಇಳಸು" ಅಂದ. ಅವ್ವ, "ಮೊದಲು ಆರಾಮಾಗು, ಆಮ್ಯಾಲ ನೋಡೂನು" ಅಂದಳು. ಅವನು ಆರಾಮಾಗಲಿಲ್ಲ. ಆಮೇಲೆ ಅವ್ವ ಅವನ ಹಳೆಯ ಧೋತರದಲ್ಲಿ ಹಲಗೆಯನ್ನು ಸುತ್ತಿ ಟ್ರಂಕಿನಲ್ಲಿಟ್ಟಳು. ಅದರ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಕೆಲವು ಸಲ ಯಾರೂ ಬಾಗಿಲು ತಟ್ಟದೆಯೇ "ಬಂದೆ" ಎಂದು ಎದ್ದು ಹೋಗಿ ಬಾಗಿಲು ತೆಗೆದು ನಿಲ್ಲುತ್ತಿದ್ದಳು. ನಾನು ನೋಡಿಯೂ ನೋಡದ ಹಾಗಿರುತ್ತಿದ್ದೆ.

ಕಟ್ಟಡದ ಕೆಲಸ ಚುರುಕಾಗಿಯೇ ನಡೆಯಿತು. ರಂಗಮಂಚದ ಕಟ್ಟೆ ಎದ್ದಿತು, ಹಿಂದಿನ ಗೋಡೆ ಕಿಟಕಿ ದಾಟಿ ಮೇಲಕ್ಕೆ ಬಂತು. ಆಗ ರೂಪನಗುಡಿಯ ಮೇಸ್ತ್ರಿ ಫೋನ್ ಮಾಡಿದ. ಒಳ್ಳೆಯ ಕೆಲಸಗಾರ, ಹೆದರುಪುಕ್ಕಲನಲ್ಲ.

"ಮೇಡಂ, ಏಮೋ ನಂಗ ತಿಳೀವಲ್ದು. ಹಿಂದಿನ ಗೋಡಿಗೆ ಹೊರಗಿಂದ ಯಾರೋ ತಟ್ಟಿದಂಗ ಆಗತೈತ್ರಿ. ಹೋಗಿ ನೋಡಿದ್ರ ಯಾರೂ ಇರಂಗಿಲ್ಲ."

"ಎಷ್ಟು ಸಲ ತಟ್ತಾರ?" ಅಂತ ಕೇಳಿದೆ. ಯಾಕೆ ಹಾಗೆ ಕೇಳಿದೆನೋ.

"ಎಲ್ಡು ಸಲ ರೀ. ಸ್ವಲ್ಪ ತಡದು ಮತ್ತ ಎಲ್ಡು."

"ಏನಿಲ್ಲ ಬಿಡಪ್ಪಾ, ಸೆಂಟ್ರಿಂಗ್ ಹಲಿಗಿ ಬಿಸಿಲಿಗೆ ಕಾದು ಸಪ್ಪಳ ಮಾಡ್ತಾವ" ಅಂದೆ. ನಾನು ಹೇಳಿದ್ದು ಮರದ ಹಲಗೆಗೆ. ಆದರೆ ಹಲಗೆ, ಕಾದು, ಎಂಬ ಎರಡು ಮಾತು ನನ್ನ ಬಾಯಿಂದಲೇ ಒಟ್ಟಿಗೆ ಬಂದದ್ದು ಕೇಳಿ ಆ ಬಿಸಿಲಲ್ಲೂ ಮೈ ಜುಮ್ಮೆಂದಿತು. ನನಗೆ ದೆವ್ವ ಭೂತದಲ್ಲಿ ನಂಬಿಕೆ ಇಲ್ಲ. ನಂಬಿಕೆ ಇಲ್ಲದವರಿಗೆ ಹೆದರಿಕೆ ಆಗುವುದಿಲ್ಲ ಅಂತ ಯಾರು ಹೇಳಿದರು?

ಗೋಡೆಯ ಅಳತೆಯಲ್ಲೇ ಏನೋ ದೋಷವಿರಬೇಕೆಂದು ಅವತ್ತು ನಕ್ಷೆಯನ್ನು ಮನೆಗೆ ತಂದು ಚಾಪೆಯ ಮೇಲೆ ಹರಡಿದೆ. ಅವ್ವ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತಳು. ತನ್ನ ಚಟದಂತೆ ಒಂದೊಂದೇ ಕಡೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. "ಮುಖ್ಯ ದ್ವಾರ. ವಾಚನಾಲಯ. ಹೊಲಿಗೆ ಕೋಣೆ." ಬೆರಳು ಹಿಂದಕ್ಕೆ ಹೋಯಿತು, ಗೋಡೆ ದಾಟಿತು, ನಿಂತಿತು.

"ಹಲಗೆ. ಕಾಯಿಸುವ. ಜಾಗ." ಮತ್ತೊಂದು ಸಲ ಓದಿದಳು. ಆಮೇಲೆ ನನ್ನ ಮುಖ ನೋಡಿದಳು. "ಇಲ್ಲಿ ಯಾರನ್ನ ಕಾಯಿಸ್ತೀಯವ್ವಾ?"

"ಯಾರನ್ನೂ ಅಲ್ಲಬೇ. ಹಲಿಗಿ ಕಾಸೋದು. ಬೆಂಕಿಗೆ ಹಿಡಿಯೋದು."

"ಗೋಡಿ ಹೊರಗ?"

"ಹೊಗಿ ಆಗತೈತಲ್ಲ."

"ಬ್ಯಾರೆ ಬಾಗಲ?"

ಅವ್ವನ ಬೆರಳು ಕಿಟಕಿಯ ಗುರುತಿನ ಮೇಲೆ ಬಂತು. ಆ ಗುರುತು ಅವಳಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. "ಇದು ಕಿಡಕಿ ಹೌದಲ್ಲ? ಇದರಾಗಿಂದ ಕಾದೈತೇನಲೇ ಅಂತ ಕೇಳ್ತಾರ. ಹೌದಲ್ಲ?" ಅಂದಳು. "ಓದಿಸಿದ್ವಿ. ಇಷ್ಟು ಓದಿಸಿದ್ವಿ. ನಿಮ್ಮಪ್ಪ ನಿಂದರ್ತಿದ್ದ ಜಾಗಾನ ಮತ್ತ ಬರದು ಇಟ್ಟೀಯಲ್ಲವ್ವಾ."

ಬೆಂಕಿಗೆ ಹಿಡಿದರೂ ಕಾಯಿಸುವುದೇ, ಬಾಗಿಲ ಹೊರಗೆ ನಿಲ್ಲಿಸಿಕೊಂಡರೂ ಕಾಯಿಸುವುದೇ. ಎರಡಕ್ಕೂ ಕನ್ನಡಕ್ಕೆ ಒಂದೇ ಮಾತು ಸಾಕಾಗಿದೆ. ನಾನು ಆ ಮಾತನ್ನು ಬರೆದು, ಅಚ್ಚುಹಾಕಿಸಿ, ಹತ್ತು ಪ್ರತಿ ಹಂಚಿದ್ದೆ. ಆದರೂ ಸಿಟ್ಟು ಬಂತು. ಬೆಂಕಿಯ ನಿಯಮ, ಗಾಳಿಯ ದಿಕ್ಕು ಅಂತೆಲ್ಲ ಅವ್ವನ ಮೇಲೆ ಹರಿಹಾಯ್ದೆ. ನೀನೇ ಅಲ್ಲವೇ ಹಲಗೆ ಬೇಡ ಅಂದವಳು, ಸಾಯುವಾಗ ಕೇಳಿದರೂ ಕೊಡದವಳು, ಈಗೇಕೆ ಅದರ ಜಾಗದ ಚಿಂತೆ ಅಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವ್ವ ಕನ್ನಡಕ ತೆಗೆದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿತು. ಮುಚ್ಚಿದ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಮಾರನೆಯ ದಿನ ಹನ್ನೆರಡು ಗಂಟೆಯ ಬಿಸಿಲಿಗೆ ಆ ಜಾಗಕ್ಕೆ ಹೋದೆ. ಅವ್ವ ಹೇಳಿದ್ದು ಸುಳ್ಳು ಎಂದು ತೋರಿಸಬೇಕಿತ್ತು ನನಗೆ. ಮೇಸ್ತ್ರಿಯನ್ನು ರಂಗಮಂಚದ ನಡುವೆ ನಿಲ್ಲಿಸಿ, ಏನಾದರೂ ಗಟ್ಟಿಯಾಗಿ ಮಾತಾಡು ಅಂದೆ. ನಾನು ಸುತ್ತಿ ಬಂದು ಹಿಂದಿನ ಸಣ್ಣ ಗೇಟಿನಿಂದ ಹೋಗಿ ಕಿಟಕಿಯ ಹೊರಗೆ ನಿಂತೆ.

ಒಂದು ಮಾತೂ ತಿಳಿಯಲಿಲ್ಲ. ಗುಂಯ್ ಎನ್ನುವ ಸದ್ದು ಮಾತ್ರ. ಇನ್ನೂ ಹತ್ತಿರ ಹೋದೆ, ಕಿಟಕಿಗೆ ಕಿವಿ ಹಚ್ಚಿದೆ. ಅವನು ಮಾತಾಡುತ್ತಿರುವುದು ಕನ್ನಡವೋ ತೆಲುಗೋ ಅದು ಕೂಡ ಗೊತ್ತಾಗಲಿಲ್ಲ. ಹೊರಗಿನ ಓಣಿಯ ಗದ್ದಲ, ಗಾಳಿ, ಗೋಡೆಗೆ ಬಡಿದು ತಿರುಗಿ ಬರುವ ದನಿ. ಇಲ್ಲಿಂದ ಚೊಲೋ ಕೇಳ್ತೈತಿ ಅಂದಿದ್ದ ಅಪ್ಪ. ಇಲ್ಲಿಂದ ಏನೂ ಕೇಳುವುದಿಲ್ಲ. ಯಾವತ್ತೂ ಕೇಳಿರಲಿಲ್ಲ. ಒಂದೊಂದು ಊರಿನ ಒಂದೊಂದು ಕಿಟಕಿಯಲ್ಲಿ ಒಂದೊಂದು ಚೂರು ಕಿವಿಗೆ ಬಿದ್ದದ್ದನ್ನು ಜೋಡಿಸಿ ಜೋಡಿಸಿ ಅವನು ಆ ಆಟವನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಮಗಳಿಗೆ ಮಾತ್ರ ಇದು ಒಳ್ಳೆಯ ಜಾಗ ಅಂತ ಹೇಳಿದ. ಮಗಳು ನಂಬಿದಳು, ಓದಿ ದೊಡ್ಡವಳಾದಳು, ಅದೇ ಜಾಗವನ್ನು ಅಳತೆ ಹಾಕಿ ಬರೆದಳು.

ಅಷ್ಟು ಹೊತ್ತಿಗೆ ನನ್ನ ಬೆನ್ನ ಹಿಂದೆಯೇ ಎರಡು ಸಲ ತಟ್ಟಿದ ಸದ್ದಾಯಿತು. ಈ ಸಲ ನಾನು ತಿರುಗಿ ನೋಡಲಿಲ್ಲ. ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ಸಂಜೆ ಮೇಷ್ಟ್ರ ಮನೆಗೆ ಹೋಗಿ, ಹಿಂದಿನ ಗೋಡೆ ಒಡೆಯಬೇಕು ಸರ್ ಅಂದೆ. ಅವರು ಗಾಬರಿಯಾದರು.

"ಒಡಿಯೋದಾ? ಯಾಕವ್ವಾ, ಚಲೋ ಐತಲ್ಲ. ಬ್ಯಾರೆ ಬಾಗಲ ಇದ್ರ ಅವರಿಗೂ ಅನುಕೂಲ. ಅವರಿಗೆ ಅದು ರೂಢಿನೂ ಐತಿ."

"ಯಾರಿಗ್ರಿ ಸರ್?"

ಮೇಷ್ಟ್ರು ಕೆಟ್ಟವರಲ್ಲ. ನನಗೆ ಹಳೆಯ ಪುಸ್ತಕ ಕೊಟ್ಟು, ಪರೀಕ್ಷೆಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದವರು.

"ನಮ್ಮಪ್ಪಗೂ ರೂಢಿ ಇತ್ರಿ" ಅಂದೆ. "ನನಗೂ ರೂಢಿ ಐತಿ. ಅದಕ್ಕ ನನ್ನ ಕೈ ತಾನಾಗೇ ಹಂಗ ಬರೀತು. ತಪ್ಪು ನಿಮ್ಮದಲ್ಲ, ನನ್ನದು. ಲೆಕ್ಕ ತಪ್ಪಿದ್ರ ತಿದ್ದಬ್ಯಾಡ, ಪೂರ್ತಿ ಅಳಸಿ ಮೊದಲಿಂದ ಬರಿ ಅಂತ ಕಲಿಸಿದೋರು ನೀವು."

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಸಮಿತಿಗೆ ನಾ ಹೇಳ್ತೀನಿ" ಅಂದರು.

ಗುತ್ತಿಗೆದಾರ ಗೊಣಗಿದ, ಮೇಸ್ತ್ರಿ ಮಾತ್ರ ಒಂದು ಮಾತೂ ಕೇಳದೆ ಗೋಡೆಗೆ ಮೊದಲ ಏಟು ಹಾಕಿದ. ಹಿಂದೆ ಆ ಕಿಟಕಿ, ಗೇಟು ಇಲ್ಲದ ಹೊಸ ಗೋಡೆ ಕಟ್ಟಿಸಿ, ಬೆಂಕಿಯ ಜಾಗವನ್ನು ಮುಂದಕ್ಕೆ ತಂದೆ. ಮುಖ್ಯ ಬಾಗಿಲಿನ ಎದುರೇ, ಬಯಲಲ್ಲಿ, ಕಲ್ಲು ಹಾಸಿದ ಒಂದು ದುಂಡು ಕುಳಿ. ಹೊಗೆ ಆಕಾಶಕ್ಕೆ ಹೋಗುತ್ತದೆ, ಹಲಗೆ ಕಾದ ಮೇಲೆ ಎಲ್ಲರ ಬಾಗಿಲಿನಿಂದಲೇ ಒಳಗೆ ಬರುತ್ತದೆ. ನಾನು ಹಿಂದೆ ಕೊಟ್ಟಿದ್ದ ಕಾರಣಗಳೆಲ್ಲ ಎಷ್ಟು ಸಲೀಸಾಗಿ ಬಿದ್ದುಹೋದವು ಎಂದರೆ ನನಗೇ ನಾಚಿಕೆಯಾಯಿತು. ಹೊಸ ನಕ್ಷೆಯಲ್ಲಿ ಅದಕ್ಕೆ "ಅಂಗಳ" ಎಂದಷ್ಟೇ ಬರೆದೆ. ಹಳೆಯ ಗೋಡೆ ಬಿದ್ದ ಮೇಲೂ ಆ ತಟ್ಟುವ ಸದ್ದು ಬರುತ್ತದೆಯೇ ಎಂದು ಮೇಸ್ತ್ರಿಯನ್ನು ಕೇಳಿದೆ. "ಇಲ್ರೀ ಮೇಡಂ, ಆವತ್ತಿಂದ ನಿಂತೈತಿ" ಅಂದ. ಸಮಾಧಾನ ಆಗಬೇಕಿತ್ತು. ಬದಲಿಗೆ ಅಪ್ಪ ಎರಡನೇ ಸಲ ಹೋದ ಹಾಗೆ ಸಂಕಟವಾಯಿತು. ಹಲವು ದಿನ ನಾನೇ ಮೇಜನ್ನು ತಟ್ಟಿ ನೋಡಿದೆ.

ಭವನ ಶುರುವಾದ ದಿನ ಸಂಜೆ ಆರಕ್ಕೆ ಸಿರುಗುಪ್ಪದ ಕಡೆಯ ಮೇಳದ ಬಯಲಾಟವಿತ್ತು. ಅವ್ವ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ನಮ್ಮ ಜಗಳದ ಮೇಲೆ ಆ ಕಟ್ಟಡದ ಬಗ್ಗೆ ಅವಳು ಮಾತೇ ಆಡಿರಲಿಲ್ಲ. ಅಂಗಳದಲ್ಲಿ ಬೆಂಕಿ ಹೊತ್ತಿತ್ತು. ಕಂಡಕ್ಟರ್ ಮತ್ತು ಅವಳ ಮೇಳದವರು ಹಲಗೆ ಹಿಡಿದು ಸುತ್ತ ನಿಂತಿದ್ದರು, ಮುಂದಿನ ಓಣಿಯ ಮಂದಿ ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ಬರುತ್ತಿದ್ದರು. ಆಗ ಅವ್ವ ಬಂದಳು. ಬಿಳಿ ಸೀರೆ ಉಟ್ಟಿದ್ದಳು. ಕಂಕುಳಲ್ಲಿ ಧೋತರ ಸುತ್ತಿದ ಗಂಟು.

ಒಳಗೆ ಬಂದು ಮೊದಲ ಸಾಲಿನಲ್ಲಿ, ನಟ್ಟನಡುವಿನ ಕುರ್ಚಿಯಲ್ಲಿ ಕೂತಳು. ಗಂಟು ಬಿಚ್ಚಿದಳು. ಅಪ್ಪನ ಹಲಗೆಯನ್ನು ಪಕ್ಕದ ಕುರ್ಚಿಯಲ್ಲಿ, ಅದರ ಮುಖ ರಂಗಮಂಚದ ಕಡೆ ಬರುವ ಹಾಗೆ ನಿಲ್ಲಿಸಿದಳು. ಜಾರದಂತೆ ಧೋತರವನ್ನು ಅದರ ಕೆಳಗೆ ಒತ್ತಿದಳು.

ಕಂಡಕ್ಟರ್ ಓಡಿ ಬಂದಳು. "ಅತ್ತೀ, ಮಾವನ ಹಲಿಗಿ ಅಲ್ಲೇನ್ರಿ? ಕೊಡ್ರಿ, ಕಾಸ್ಕೊಂಡು ಬರ್ತೀವಿ. ಇವತ್ತು ಇದನ್ನೂ ಬಾರಸೂನು."

"ಬ್ಯಾಡವ್ವಾ" ಅಂದಳು ಅವ್ವ. "ಭಾಳ ಕಾದೈತಿ ಅದು. ಇವತ್ತು ಬಾರಸಾಕ ಬಂದಿಲ್ಲ. ಆಟ ನೋಡಾಕ ಬಂದೈತಿ."

ಪರದೆ ಸರಿಯಿತು. ರಾಜ ಬಂದ, ಕಾಲು ಕುಣಿಸಿದ, ಮಾತು ಶುರು ಮಾಡಿದ. ಸಭಾಂಗಣ ತುಂಬಿತ್ತು, ಗೋಡೆಗುಂಟ ಜನ ನಿಂತಿದ್ದರು. ತಡವಾಗಿ ಬಂದ ಮುಂದಿನ ಓಣಿಯ ಹೆಂಗಸೊಬ್ಬರು ನಮ್ಮ ಸಾಲಿಗೆ ಬಂದು ಬಗ್ಗಿ, ಹಲಗೆ ಇದ್ದ ಕುರ್ಚಿಯನ್ನು ತೋರಿಸಿ, ಮೆಲ್ಲಗೆ ಕೇಳಿದರು.

"ಯವ್ವಾ, ಇದನ್ನೊಂಚೂರು ತಗಿತೀರೇನ್ರಿ? ಕುಂದರ್ತೀನಿ."

ಅವ್ವ ರಂಗಮಂಚದಿಂದ ಕಣ್ಣು ತೆಗೆಯಲಿಲ್ಲ. ಒಂದು ಕೈಯನ್ನು ಹಲಗೆಯ ಮೇಲಿಟ್ಟಳು.

"ಇಲ್ರೀ. ಇಲ್ಲಿ ಮಂದಿ ಅದಾರ."